ಚಾಡಿಯ ಮಾತು, ವೀರನ ಪತನ

ಸಾಂಗಲಿಯ ಸಮೀಪದಲ್ಲಿ ಕೃಷ್ಣಾ-ವಾರಣಾ ನದಿಗಳು ಕೂಡುವ ಹರಿಪುರಕ್ಕೆ ಸಂಗಮೇಶ್ವರನ ದರ್ಶನಾರ್ಥವಾಗಿ ನಾವೆಲ್ಲರೂ ಹೋಗುತ್ತೇವೆ. ಮರಾಠಿಯ ಶ್ರೇಷ್ಠ ನಾಟಕಕಾರ ಗೋವಿಂದ ಬಲ್ಲಾಳ ದೇವಲರು (೧೮೫೫-೧೯೧೬) ಆ ಊರಿನವರು. ಶೇಕ್ಸ್‌ಪಿಯರ್ ಮಹಾಕವಿಯ ‘ಒಥೆಲೊ’ ನಾಟಕವನ್ನು ಅವರು ೧೮೯೦ರಲ್ಲಿ ‘ಝುಂಝಾರರಾವ್’ ಎಂಬ ಹೆಸರಿನಿಂದ ಮರಾಠಿಗೆ ತಂದರು. ಕನ್ನಡದಲ್ಲಿ ಮೈಸೂರಿನ ಬಸವಪ್ಪ ಶಾಸ್ತ್ರಿಗಳು ಅದೇ ಕಥೆಯನ್ನು ‘ಶೂರಸೇನ ಚರಿತ್ರೆ’ಯಾಗಿ ರಚಿಸಿದ್ದಾರೆ. ಎರಡು ನುಡಿಗಳನ್ನಾಡುವ ನಮಗೆ ಎರಡು ಕಡೆಯಿಂದಲೂ ದೊರೆತ ಈ ಕಥೆಯು ವಿಚಾರಾರ್ಹವಾಗಿದೆ.

ಒಥೆಲೊ ವೆನಿಸ್ ರಾಜ್ಯದ ಸೇನಾಪತಿ, ಶೂರನು, ಸರಳಹೃದಯನು. ತಾನು ಬಯಸಿದ ಪದವಿಯು ಕ್ಯಾಸಿಯೊನಿಗೆ ದೊರೆಯಿತೆಂದು ಇಯಾಗೊ ಎಂಬವನು ಹಗೆಗೊಂಡನು. ಅವನ ಕಪಟದ ರೀತಿಯನ್ನು ನೋಡಿರಿ. ಒಡೆಯನ ಮಡದಿಯಾದ ಡೆಸ್ಡಿಮೋನೆಯ ಮೇಲೆ ಮೊದಲಿಗೇ ಆರೋಪ ಹೊರಿಸಲಿಲ್ಲ. ಅರ್ಧ ನುಡಿದು ಅರ್ಧ ನುಂಗಿದನು. ಅದೇನೆಂದು ಒಡೆಯನೇ ಕೇಳುವಂತೆ ಮಾಡಿದನು. ಅಸೂಯೆಗೆ ಎಡೆಗೊಡಬೇಡಿರೆಂದು ತಾನೇ ಬುದ್ಧಿ ಹೇಳಿದನು! ಒಥೆಲೊ ಮಡದಿಗಿತ್ತ ಮೊದಲ ಕಾಣಿಕೆಯಾದ ಕರವಸ್ತ್ರವು ಜಾರಿಬಿದ್ದಾಗ ಇಯಾಗೊನ ಹೆಂಡತಿ ಎಮಿಲಿಯ ಅದನ್ನೆತ್ತಿ ಗಂಡನಿಗೆ ಕೊಟ್ಟಳು. ಅವನು ಅದನ್ನು ಕ್ಯಾಸಿಯೊನ ಬಿಡಾರದಲ್ಲಿ ಹಾಕಿಬಂದನು. ಅದೇ ಸಾಕ್ಷ್ಯವಾಯಿತು.

ಒಥೆಲೊ ಸಾಕ್ಷ್ಯ ಕೇಳಿದ್ದು ತಪ್ಪಲ್ಲ. ಆರೋಪ ತಂದವನಿಂದಲೇ ಸಾಕ್ಷ್ಯ ಪಡೆದು, ಅವನನ್ನೇ ಪರೀಕ್ಷಕನನ್ನಾಗಿ ಮಾಡಿಕೊಂಡದ್ದು ತಪ್ಪು. ಕ್ಯಾಸಿಯೊನನ್ನು ಕರೆಸಿ ಕೇಳಿರೆಂದು ಡೆಸ್ಡಿಮೋನೆ ಬೇಡಿದಳು. ಒಂದು ರಾತ್ರಿಯ, ಕೊನೆಗೆ ಅರ್ಧ ಗಂಟೆಯ ಅವಧಿಯನ್ನಾದರೂ ಯಾಚಿಸಿದಳು. ಅದೂ ದೊರೆಯಲಿಲ್ಲ. ಅವಳನ್ನು ಕೊಂದ ಮೇಲೆ ಎಮಿಲಿಯಳಿಂದ ಸತ್ಯ ಹೊರಬಿದ್ದಿತು. ವೀರನು ತನ್ನ ಕೈಯಿಂದಲೇ ತಾನು ಸತ್ತನು.

ಒಂದು ಗುಂಟೆ ಜಮೀನಿನ ಹಕ್ಕು ಬದಲಾಗಬೇಕಾದರೂ ನಾವು ತಲಾಠಿಗಳು ಫೇರಫಾರ ಬರೆದು ಸಂಬಂಧಪಟ್ಟವರಿಗೆ ನೋಟೀಸು ಕೊಡುತ್ತೇವೆ. ತಕರಾರು ಹೇಳಲು ೧೫ ದಿನಗಳ ಅವಧಿಯುಂಟು. ಮಣ್ಣಿಗೆ ಇಷ್ಟು ವಿಚಾರಣೆಯಿರುವಾಗ ಮನುಷ್ಯನ ಮಾನಕ್ಕೆ ಎಷ್ಟಿರಬೇಕು!

ಇದೇ ದೇವಲರ ‘ಸಂಶಯಕಲ್ಲೋಳ’ವು ೧೯೧೬ರಲ್ಲಿ ರಂಗಕ್ಕೆ ಬಂದಿತು. ಅಲ್ಲಿ ಕರವಸ್ತ್ರದ ಬದಲು ಕೈಜಾರಿದ ಒಂದು ತಸವೀರು ಗಂಡಹೆಂಡಿರಲ್ಲಿ ಸಂಶಯ ಹುಟ್ಟಿಸುತ್ತದೆ. ಆದರೆ ಕೊನೆಗೆ ಎಲ್ಲರೂ ಎದುರುಬದುರಾಗಿ ಮಾತನಾಡುವುದರಿಂದ ಸಂಶಯವು ನಗೆಯಲ್ಲಿ ಕರಗುತ್ತದೆ. ದುರಂತಕ್ಕೂ ವಿನೋದಕ್ಕೂ ಇರುವ ಅಂತರ ಇಷ್ಟೇ.

ನಾನು ಕೆಲಸ ಮಾಡಿದ ಒಂದು ಹಳ್ಳಿಯಲ್ಲಿ, ತಮ್ಮನು ಬಾವಿಯ ಪಾಲನ್ನು ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡನೆಂದು ಯಾರೋ ಅಣ್ಣನ ಕಿವಿಯಲ್ಲಿ ಊದಿದರು. ಅಣ್ಣತಮ್ಮಂದಿರ ಮಾತು ನಿಂತುಹೋಯಿತು. ಅನೇಕ ವರ್ಷಗಳ ಮೇಲೆ ಅಣ್ಣನು ಬೇರೆ ಕೆಲಸಕ್ಕಾಗಿ ಉತಾರೆ ಪಡೆಯಲು ಬಂದನು. ಅದರಲ್ಲಿ ಇಬ್ಬರ ಹೆಸರೂ ಮೊದಲಿನಂತೆಯೇ ಇದ್ದವು! ಅವನು ಕಾಗದ ಹಿಡಿದು ಬಹಳ ಹೊತ್ತು ಕುಳಿತನು. ಅಷ್ಟರಲ್ಲಿ ತಮ್ಮನು ತೀರಿಕೊಂಡಿದ್ದನು. ಆ ಗಾಳಿಮಾತು ನನ್ನ ಕಿವಿಗೂ ಬಿದ್ದಿತ್ತು. ದಫ್ತರವು ನನ್ನ ಬಳಿಯಲ್ಲೇ ಇತ್ತು. ಯಾರೂ ಕೇಳಲಿಲ್ಲವೆಂದು ಸುಮ್ಮನಿದ್ದೆನು. ಎಮಿಲಿಯಳ ಮೌನವನ್ನು ಓದುವಾಗಲೆಲ್ಲ ನನಗೆ ಆ ದಿನವು ನೆನಪಾಗುತ್ತದೆ.

ಗುಡಿಯ ಗೋಡೆಯ ಬಿರುಕು ಸಣ್ಣದಿರುವಾಗಲೇ ಗಾರೆ ತುಂಬಬೇಕೆಂಬುದನ್ನು ಈ ಜೀರ್ಣೋದ್ಧಾರ ಕಾರ್ಯದಲ್ಲಿ ಕಂಡಿದ್ದೇವೆ. ಮನೆಯ ಬಿರುಕಿಗೂ ಅದೇ ನಿಯಮ. ಚಾಡಿ ಕೇಳಿದವನು ಎದುರಿಗೆ ಹೋಗಿ ವಿಚಾರಿಸಲಿ; ನಿಜ ಬಲ್ಲವನು ಕೇಳುವ ಮುನ್ನವೇ ನುಡಿಯಲಿ. ಸಂಗಮೇಶ್ವರನು ನಮಗೆ ಆ ಧೈರ್ಯವನ್ನು ಕರುಣಿಸಲಿ.