ಹಳೆ ಕಾರಿಗೆ ವಾರಂಟಿ ಬೇಕೇ?

ಕುಷ್ಟಗಿಯ ಓದುಗರೇ, ಏಳು ವರ್ಷ ಓಡಿದ ಡೀಸೆಲ್ ಕಾರಿಗೆ 18 ಸಾವಿರ ಕೊಟ್ಟು ವಾರಂಟಿ ಕೊಳ್ಳಬೇಡಿ. ನೀವು ದಿನವೂ ಓಡಾಡುವ ಹೊಂಡದ ರಸ್ತೆಯಲ್ಲಿ ಮೊದಲು ಸವೆಯುವುದು ಸಸ್ಪೆನ್ಷನ್ ಬುಷ್, ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರು. ಸಾಮಾನ್ಯವಾಗಿ ಇವು ವಾರಂಟಿಯ ಹೊರಗೇ. ಇಂಜಿನ್, ಗೇರ್‌ಬಾಕ್ಸ್ ಸೇರಿದ್ದರೂ ಒಂದು ಸರ್ವಿಸ್ ತಪ್ಪಿದ್ದರೆ ಸಾಕು, ಕ್ಲೇಮು ತಿರಸ್ಕರಿಸಲು ನೆಪ ಸಿಕ್ಕಂತೆ. ವಾರಂಟಿ ಮಾರುವವರು ತೋರಿಸುವ ವರ್ಕ್‌ಶಾಪ್ ಹುಬ್ಬಳ್ಳಿಯಲ್ಲಿದ್ದರೆ ಗಾಡಿ ಎಳೆಸುವ ಖರ್ಚು ಯಾರದು, ಕೇಳಿದ್ದೀರಾ?

ಬದಲಿಗೆ ಕೊಳ್ಳುವ ಮುನ್ನ ಗಾಡಿ ನೋಡಲು ನಂಬಿಕಸ್ಥ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಬೇರೆ ಗಾಡಿ ನೋಡಿ. ಉಳಿದ ದುಡ್ಡು ರಿಪೇರಿಗೆ ಎತ್ತಿಡಿ.

ಕಂಪನಿಯೇ ವಾರಂಟಿ ಕೊಡುವ ಆಟೊಮ್ಯಾಟಿಕ್ ಗಾಡಿಯಾದರೆ ಮಾತು ಬೇರೆ, ಅದರ ಗೇರ್‌ಬಾಕ್ಸ್ ರಿಪೇರಿ ದುಬಾರಿ. ಕೊಂಡ ಮೇಲೆ ಕ್ಲೇಮು ಸುಮ್ಮನೆ ನಿರಾಕರಿಸಿದರೆ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.