ಹುಡುಗನಿಗೆ ಹದಿನೆಂಟಾಯ್ತು, ಇನ್ಶೂರೆನ್ಸ್ ಎಷ್ಟಾಗುತ್ತೆ?

ದಾವಣಗೆರೆಯಲ್ಲಿ ವಾಹನ ವಿಮೆ ಮಾಡಿಸುವುದು ನನ್ನ ಕಸುಬು. ಮಕ್ಕಳ ಕೈಗೆ ಡಿಎಲ್ ಬಂದ ವಾರದಲ್ಲೇ ಅಪ್ಪಂದಿರ ಫೋನು ಬರುತ್ತದೆ: "ಇನ್ಮೇಲೆ ಹುಡುಗನೂ ಓಡಿಸ್ತಾನೆ, ಪ್ರೀಮಿಯಂ ಜಾಸ್ತಿ ಆಗುತ್ತಾ ಸಾರ್?" ಅವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1. ಓಡಿಸುವವರ ವಯಸ್ಸು ನೋಡಿ ನಮ್ಮಲ್ಲಿ ಸಾಮಾನ್ಯವಾಗಿ ಪ್ರೀಮಿಯಂ ಗೊತ್ತುಮಾಡುವುದಿಲ್ಲ. ಎಂಜಿನ್ ಎಷ್ಟು ಸಿಸಿ, ಗಾಡಿ ಎಷ್ಟು ಹಳೆಯದು, ಅದರ ಬೆಲೆ ಎಷ್ಟು, ನೋಂದಣಿ ಎಲ್ಲಿಯದು, ಹಿಂದೆ ಕ್ಲೇಮ್ ಆಗಿದೆಯೇ ಎಂದು ನೋಡುತ್ತಾರೆ. ಲೈಸೆನ್ಸ್ ಇದ್ದವರು ಮಾಲೀಕರ ಒಪ್ಪಿಗೆಯಿಂದ ಯಾರು ಓಡಿಸಿದರೂ ಮಾಮೂಲಿ ಪಾಲಿಸಿಯೇ ಸಾಕು. ಅಮೆರಿಕದಲ್ಲಿ ತಮ್ಮನೋ ಅಕ್ಕನೋ ಇರುವವರಿಗೆ ಇಲ್ಲಿ ಗೊಂದಲ. ಅಲ್ಲಿ ಹದಿನಾರರ ಮಗನ ಹೆಸರು ಸೇರಿಸಿದ ಕೂಡಲೇ ಪ್ರೀಮಿಯಂ ಜಿಗಿಯುತ್ತದೆ. ಹಾಗಾಗಿಯೇ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವರಿಗೆ ರಿಯಾಯಿತಿ ಕೊಡುವ ಪದ್ಧತಿಯೂ ಅಲ್ಲಿದೆ. ನಮ್ಮಲ್ಲಿ ಅಂಕಪಟ್ಟಿಗೂ ಕಾರಿಗೂ ಸಂಬಂಧವಿಲ್ಲ. ಇಲ್ಲಿ ದುಡ್ಡು ಉಳಿಯುವುದೂ ಸೋರುವುದೂ ಬೇರೆ ಜಾಗಗಳಲ್ಲಿ.

2. ಹದಿನೆಂಟು ತುಂಬುವ ಮುಂಚೆ ಕೀಲಿ ಕೊಟ್ಟರೆ ಯಾವ ಪಾಲಿಸಿಯೂ ಕಾಯುವುದಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ವಿಮೆ ಕಂಪನಿ ನಿಮ್ಮ ಕಾರಿನ ರಿಪೇರಿಗೆ ಬಿಡಿಗಾಸು ಕೊಡುವುದಿಲ್ಲ. ಎದುರಿನವರಿಗೆ ಪರಿಹಾರ ಕೊಡುವಂತೆ ಕೋರ್ಟು ಅದಕ್ಕೆ ಹೇಳಿದರೂ, ಕೊಟ್ಟದ್ದನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ಬಿಡುತ್ತದೆ. ಸಾವಿನ ಪ್ರಕರಣದಲ್ಲಿ ಆ ಮೊತ್ತಕ್ಕೆ ಹೊಲ, ಮನೆ ಮಾರಬೇಕಾಗಬಹುದು. ಹಳ್ಳಿ ರಸ್ತೆ, ಪೊಲೀಸರಿಲ್ಲ ಅನ್ನುವ ಮಾತನ್ನು ನಾನು ಕೇಳಿಸಿಕೊಳ್ಳುವುದೂ ಇಲ್ಲ.

3. ಎಲ್‌ಎಲ್‌ಆರ್ ಇದ್ದಾಗ ಪಾಲಿಸಿ ನಡೆಯುತ್ತದೆ, ಆದರೆ ಷರತ್ತಿದೆ. ಹಿಂದೆ ಮುಂದೆ ಕೆಂಪು 'ಎಲ್' ಇರಬೇಕು, ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ಒಬ್ಬನೇ ಹಾಲು ತರಲು ಹೋಗಿ ಗುದ್ದಿಕೊಂಡು ಬಂದರೆ ಕ್ಲೇಮ್ ಕೇಳಬೇಡಿ.

4. ಮಗ ಗುದ್ದಿದ್ದಕ್ಕೆ ಕ್ಲೇಮ್ ಫಾರಂನಲ್ಲಿ ಅಪ್ಪನ ಹೆಸರು ಬರೆಯುವ ಚಾಳಿ ಊರಿಗೆಲ್ಲ ಇದೆ. ಮಗನಿಗೆ ಡಿಎಲ್ ಇದ್ದರೂ ಬರೆಯುತ್ತಾರೆ, ಅದೇ ನನಗೆ ಅರ್ಥವಾಗದ್ದು. ಡಿಎಲ್ ಇದ್ದವನು ಓಡಿಸಿದ್ದರೆ ಹಣ ಹೇಗೂ ಬರುತ್ತದೆ, ಸುಳ್ಳಿನ ಅಗತ್ಯವೇ ಇಲ್ಲ. ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ಒಂದು ಮುಖ, ಫಾರಂನಲ್ಲಿ ಇನ್ನೊಂದು ಹೆಸರು ಕಂಡರೆ ಮಾತ್ರ ನ್ಯಾಯವಾಗಿ ಬರಬೇಕಿದ್ದ ಕ್ಲೇಮೂ ಹೋಗುತ್ತದೆ.

5. ಹೊಸಬರು ಓಡಿಸುವ ಮನೆಯಲ್ಲಿ ಅತಿ ಹೆಚ್ಚು ದುಡ್ಡು ಸೋರುವುದು ಸಣ್ಣ ಕ್ಲೇಮುಗಳಿಂದ. ಗೇಟಿಗೆ ಬಂಪರ್ ತಾಗಿಸುತ್ತಾರೆ, ಗ್ಯಾರೇಜಿನವರು "ಇನ್ಶೂರೆನ್ಸ್ ಇದೆಯಲ್ಲ, ಹಾಕೋಣ" ಅನ್ನುತ್ತಾರೆ. ಆಗ ಈ ಲೆಕ್ಕ ನೋಡಿ. ನಿಮ್ಮ ಕಾರಿನ ಹಾನಿಗೆಂದು ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ 10,000 ರೂಪಾಯಿ, ನಿಮಗೆ 50% ಎನ್‌ಸಿಬಿ (ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ) ಬಂದಿದೆ ಎಂದುಕೊಳ್ಳಿ. ಬಂಪರಿಗೆ 4,000, ಕೂಲಿ 2,000. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ ಕಳೆಯುತ್ತಾರೆ, ಮೇಲೆ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ 1,000 ನಿಮ್ಮ ಪಾಲು. ಕೈಗೆ ಬರುವುದು ಹೆಚ್ಚೆಂದರೆ 3,000. ಮುಂದಿನ ವರ್ಷ ಎನ್‌ಸಿಬಿ ಸೊನ್ನೆ. ಆಮೇಲೆ 20, 25, 35, 45 ಎಂದು ಏರಿ ಮತ್ತೆ 50ಕ್ಕೆ ಮುಟ್ಟುವಷ್ಟರಲ್ಲಿ ನೀವು ಹೆಚ್ಚಿಗೆ ಕಟ್ಟಿದ್ದು 12,500. ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಇದು ಸ್ವಲ್ಪ ಕಡಿಮೆಯಾದೀತು, ಆದರೂ ಮೂರು ಸಾವಿರಕ್ಕೆ ಆಸೆಪಟ್ಟವರು ಸೋತರು. ಸವಕಳಿ ಕಳೆಯದ 'ಬಂಪರ್ ಟು ಬಂಪರ್' ಪಾಲಿಸಿ ಇದ್ದರೂ ಎನ್‌ಸಿಬಿ ಹೋಗುತ್ತದೆ. ಎನ್‌ಸಿಬಿ ಉಳಿಸುವ ಆಡ್‌ಆನ್ ಬೇರೆಯೇ ಇದೆ, ಮೊದಲ ಎರಡು ವರ್ಷಕ್ಕೆ ಅದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇಲ್ಲವಾದರೆ ಸಣ್ಣ ಡೆಂಟನ್ನು ಕೈಯಿಂದ ಕೊಟ್ಟು ತೆಗೆಸಿ. ಅಥವಾ ಹಾಗೇ ಬಿಡಿ, ಇನ್ನೊಂದು ಗೀರು ಬಿದ್ದೇ ಬೀಳುತ್ತದೆ!

6. ಕಲಿಯುವವರಿಗೆ ಸಣ್ಣ ಎಂಜಿನ್, ಹಳೆ ಗಾಡಿ. ಎದುರಿನವರ ನಷ್ಟಕ್ಕೆಂದು ಕಟ್ಟುವ ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ, ಅದರಲ್ಲಿ ಚೌಕಾಸಿ ಇಲ್ಲ. 2022ರ ಜೂನ್‌ನಲ್ಲಿ ನಿಗದಿಯಾದಂತೆ 1,000 ಸಿಸಿವರೆಗೆ 2,094, 1,500ರವರೆಗೆ 3,416, ಅದಕ್ಕೂ ಮೇಲೆ 7,897 ರೂಪಾಯಿ, ಜೊತೆಗೆ ಜಿಎಸ್‌ಟಿ. ಹಳೆ ಆಲ್ಟೊ ಮೊದಲ ಸಾಲಿನಲ್ಲಿ ಬರುತ್ತದೆ, ದೊಡ್ಡ ಎಸ್‌ಯುವಿಗಳು ಕೊನೆಯದರಲ್ಲಿ. ಮೊದಲ ಕಾರೇ ಹೊಸ ಎಸ್‌ಯುವಿ ಆಗಬೇಕೆನ್ನುವ ಮಗನಿಗೆ ಈ ಮೂರು ಅಂಕಿ ತೋರಿಸಿ.

7. ಕಾರು ಯಾರ ಹೆಸರಿನಲ್ಲಿರಬೇಕು? ಎನ್‌ಸಿಬಿ ಸೇರುವುದು ಮನುಷ್ಯನಿಗೆ, ಗಾಡಿಗಲ್ಲ. ಆರ್‌ಸಿಯನ್ನು ಮಗನ ಹೆಸರಿಗೆ ಮಾಡಿದರೆ ಅಪ್ಪನ ರಿಯಾಯಿತಿ ಅವನಿಗೆ ದಾಟುವುದಿಲ್ಲ, ಅವನದು ಸೊನ್ನೆಯಿಂದ ಶುರು. ಹೆಸರಿಗೆ ಮಾಡಿಯೇ ತೀರುವುದಾದರೆ ಅಪ್ಪ ತನ್ನ ಎನ್‌ಸಿಬಿ ಪತ್ರವನ್ನು ಕಂಪನಿಯಿಂದ ಬರೆಸಿ ಇಟ್ಟುಕೊಳ್ಳಲಿ, ಮೂರು ವರ್ಷದೊಳಗೆ ಬೇರೆ ಕಾರು ಕೊಂಡರೆ ಅದಕ್ಕೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇದನ್ನು ಮರೆಯುವವರೇ ಹೆಚ್ಚು.

8. ಈ ವಿಷಯವನ್ನು ಯಾರೂ ಕೇಳುವುದಿಲ್ಲ, ನಾನೇ ಎತ್ತಿ ಹೇಳಬೇಕು. ಕಾರಿನ ಪಾಲಿಸಿಯ ಜೊತೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕನಿಗೆ ಮಾತ್ರ. ಅಪ್ಪನ ಕಾರು ಓಡಿಸುತ್ತಿದ್ದ ಮಗನಿಗೆ ಏನಾದರೂ ಆದರೆ ಅದು ಬರುವುದಿಲ್ಲ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಎರವಲು ಬೈಕಿನಲ್ಲಿ ಹೋಗುತ್ತಿದ್ದ ಒಬ್ಬರು ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಮೋಟಾರು ವಾಹನ ಕಾಯ್ದೆಯ ಆಗಿನ 163ಎ ಕಲಮಿನಡಿ ಅವನ ವಾರಸುದಾರರಿಗೆ ಪರಿಹಾರವಿಲ್ಲ ಎಂದು 2009ರಲ್ಲಿ ಕೋರ್ಟು ಹೇಳಿತು. ಅಪ್ಪನ ಕಾರು ಒಯ್ದ ಮಗನೂ ಎರವಲು ಪಡೆದವನೇ. ಅವನ ಹೆಸರಿನಲ್ಲಿ ಒಂದು ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ, ಬೇರೆ ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ.

9. ದರ ಹೋಲಿಸುವಾಗ ಐಡಿವಿಯನ್ನು, ಅಂದರೆ ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಬೆಲೆಯನ್ನು ನೋಡಿ. "ಅವರು ಎರಡು ಸಾವಿರ ಕಡಿಮೆ ಹೇಳಿದ್ರು" ಎಂದು ತರುವ ಕೊಟೇಶನ್ನುಗಳಲ್ಲಿ ಎಷ್ಟೋ ಸಲ ಕಾರಿನ ಬೆಲೆಯನ್ನೇ ಇಳಿಸಿರುತ್ತಾರೆ. ಕಾರು ಕಳುವಾದರೆ, ಪೂರ್ತಿ ನಜ್ಜುಗುಜ್ಜಾದರೆ ಸಿಗುವುದು ಆ ಇಳಿಸಿದ ಬೆಲೆಯೇ. ಒಂದೇ ಐಡಿವಿ, ಒಂದೇ ಆಡ್‌ಆನ್ ಹೇಳಿ ಮೂರು ಕಡೆ ಕೇಳಿ. ಪಾಲಿಸಿ ಮುಗಿಯುವ ಎರಡು ವಾರ ಮುಂಚೆಯೇ ಕೇಳಿ. ಮುಗಿದು 90 ದಿನ ದಾಟಿದರೆ ಕೂಡಿಟ್ಟ ಎನ್‌ಸಿಬಿ ಪೂರ್ತಿ ಹೋಗುತ್ತದೆ, ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಮತ್ತೆ ಸಿಕ್ಕರೆ 4,000.