ಜನನ ಪ್ರಮಾಣ ಹೆಚ್ಚಿಸುವ ನೀತಿಗಳು: ಕಿರುಟಿಪ್ಪಣಿ

1. ಜನನ ದರ: ವರ್ಷಕ್ಕೆ 1000 ಜನಸಂಖ್ಯೆಗೆ ಹುಟ್ಟುವ ಮಕ್ಕಳು. ಒಟ್ಟು ಫಲವತ್ತತೆ ದರ (ಟಿಎಫ್‌ಆರ್): ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು. ಪರೀಕ್ಷೆಯ ಆಯ್ಕೆಗಳಲ್ಲಿ ಅದಲುಬದಲಾಗುವುದು ಇವೇ!

2. ಬದಲಿ ಮಟ್ಟದ ಟಿಎಫ್‌ಆರ್: 2.1. ದಕ್ಷಿಣ ಕೊರಿಯಾ (2023): 0.72.

3. ರೊಮೇನಿಯಾ, ಆದೇಶ 770 (1966): ಚೌಷೆಸ್ಕು ಸರ್ಕಾರದಿಂದ ಗರ್ಭಪಾತಕ್ಕೆ ನಿರ್ಬಂಧ.
 • 1967ರಲ್ಲಿ ಜನನ ಸುಮಾರು ದುಪ್ಪಟ್ಟು. ಬಳಿಕ ಮತ್ತೆ ಇಳಿಕೆ.
 • ಅಕ್ರಮ ಗರ್ಭಪಾತ, ತಾಯಂದಿರ ಮರಣ ಏರಿಕೆ. ಬಲವಂತದ ನೀತಿಗೆ ಇದೇ ಕುಖ್ಯಾತ ಉದಾಹರಣೆ.
 • ರದ್ದು: 1989.

4. ಹಂಗೆರಿ: 2020ರಿಂದ ನಾಲ್ಕು ಅಥವಾ ಹೆಚ್ಚು ಮಕ್ಕಳ ತಾಯಂದಿರಿಗೆ ವೈಯಕ್ತಿಕ ಆದಾಯ ತೆರಿಗೆ ವಿನಾಯಿತಿ.

5. ಚೀನಾ: ಎರಡು ಮಕ್ಕಳ ನೀತಿ ಘೋಷಣೆ 2015, ಜಾರಿ 2016 (ಗೊಂದಲ ಬೇಡ). ಮೂರು ಮಕ್ಕಳ ನೀತಿ: 2021.

6. ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಟಿಎಫ್‌ಆರ್: ಭಾರತ 2.0, ಕರ್ನಾಟಕ 1.7.

7. ಆಂಧ್ರಪ್ರದೇಶ (2024): ಸ್ಥಳೀಯ ಚುನಾವಣಾ ಸ್ಪರ್ಧೆಗಿದ್ದ ಎರಡು ಮಕ್ಕಳ ಮಿತಿ ರದ್ದು.